ಖಣದ ಬೋ ಟೈ

ಅಣ್ಣನ ಮಗನ ಸ್ಕೂಲ್ ಡೇಗೆ ಬೋ ಟೈ ಬೇಕಂತೆ, ಅಂಗಡೀಲಿ ನೋಡಿದ್ರೆ ಎಲ್ಲಾ ಪಳಪಳ ಅನ್ನೋ ಸ್ಯಾಟಿನ್ನೇ, ಅದಕ್ಕೆ ಅಮ್ಮನ ಟ್ರಂಕಲ್ಲಿ ಬಿದ್ದಿದ್ದ ಗುಳೇದಗುಡ್ಡದ ಖಣದ ತುಂಡು ತೆಗ್ದು ನಾನೇ ಹೊಲಿಯೋಕೆ ಕೂತೆ.

ಲೆಕ್ಕ ಸುಲಭ. ಮಗೂಗೆ 8 ಇಂಚು ಉದ್ದ 5 ಅಗಲ, ದೊಡ್ಡೋರಿಗೆ 10ಕ್ಕೆ 6. ಒಳಗಡೆ ತೆಳು ಬಕ್ರಂ ಇಸ್ತ್ರಿ ಹಾಕಿ ಅಂಟಿಸ್ಬೇಕು ಇಲ್ಲಾಂದ್ರೆ ಬಾಡಿದ ವೀಳ್ಯದೆಲೆ ಥರ ಜೋತು ಬೀಳತ್ತೆ. ಉದ್ದುದ್ದ ಮಡಚಿ ಸುತ್ತ ಹೊಲಿಗೆ ಹಾಕಿ ಮಗುಚಿ, ಎರಡೂ ತುದಿ ನಡುವಿಗೆ ತಂದು, ನಡು ಹಿಂಡಿ, ಸಣ್ಣ ಪಟ್ಟಿ ಸುತ್ತಿ ಹಿಂದ್ಗಡೆ ಕೈಹೊಲಿಗೆ. ಮಗೂಗೆ ಎಲಾಸ್ಟಿಕ್ಕೇ ಸಾಕು. ಮೊದಲ್ನೇದ್ರಲ್ಲಿ ಮಗುಚೋಕೆ ಜಾಗ ಬಿಡೋದೇ ಮರ್ತು ನಾಕೂ ಕಡೆ ಹೊಲ್ದು ಕೂತಿದ್ದೆ, ಅಮ್ಮ ನಕ್ಕಿದ್ದು ಬೀದಿಗೇ ಕೇಳಿರತ್ತೆ. ಬಿಚ್ಚೋವಾಗ ಖಣದ ನೂಲು ಹೆಂಗೆ ಬಿಡತ್ತೆ ಅಂದ್ರೆ, ಅಬ್ಬಾ, ಕತ್ರಿಸಿದ ತಕ್ಷಣ ಅಂಚಿಗೆ ಜಿಗ್‌ಜಾಗ್ ಹಾಕ್ಬಿಡಿ.

ಈ ಕುತ್ತಿಗೆ ಬಟ್ಟೆ ಫ್ಯಾಷನ್ ಶುರುವಾಗಿದ್ದು 17ನೇ ಶತಮಾನದ ಕ್ರೊಯೇಷಿಯಾ ಸೈನಿಕರಿಂದ ಅಂತಾರೆ, ಅವ್ರು ಕಟ್ತಿದ್ದ ರುಮಾಲು ಫ್ರಾನ್ಸಲ್ಲಿ ಕ್ರವಾಟ್ ಆಯ್ತು, ಆಮೇಲೆ ಟೈ, ಬೋ ಎಲ್ಲಾ. ಖಣ ಅಂದ್ರೆ ನಮ್ಮಲ್ಲಿ ಹೆಂಗಸ್ರ ಕುಪ್ಪಸದ ಬಟ್ಟೆ. ಅಜ್ಜಿ ತೋಳಲ್ಲಿದ್ದ ಅದೇ ಡಿಸೈನು ಈಗ ಮರಿಮಗನ ಕತ್ತಲ್ಲಿ, ಅಜ್ಜಿ ಇದ್ದಿದ್ರೆ ಬೈತಿದ್ಲೋ ನಗ್ತಿದ್ಲೋ ಗೊತ್ತಿಲ್ಲ.

ಅವನದ್ದು ನೋಡಿ ಅಣ್ಣನೂ ತನಗೊಂದು ಬೇಕು ಅಂತಿದ್ದಾನೆ, ಖಣ ಮಾತ್ರ ಇನ್ನು ಗೇಣುದ್ದ ಉಳಿದಿದೆ.