ಎರಡು ತೀರಗಳ ನಡುವಿನ ಗುಡ್ಡ: ಗೋಕರ್ಣದಿಂದ ಮುರುಡೇಶ್ವರಕ್ಕೆ ಕಾಲ್ನಡಿಗೆ, ಮೂರನೆಯ ಕಂತಿನವರೆಗಿನ ದಾಖಲೆ

ಗೋಕರ್ಣದಿಂದ ಮುರುಡೇಶ್ವರದವರೆಗಿನ ಕಡಲಂಚನ್ನು ನಡೆದೇ ಮುಗಿಸಬೇಕೆಂದು ಚಿತ್ರದುರ್ಗದ ನಾವು ಮೂವರು ಗೆಳೆಯರು ಕಳೆದ ನವೆಂಬರಿನಲ್ಲಿ ಕೈಗೆತ್ತಿಕೊಂಡ ಕೆಲಸ ಈಗ ಧಾರೇಶ್ವರಕ್ಕೆ ಬಂದು ನಿಂತಿದೆ. ಮೂರು ಕಂತುಗಳು ಮುಗಿದಿವೆ. ನೀರಿನ ಅಂಚಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ನಡೆಯಬೇಕು, ಹೊಳೆಯ ಬಾಯಿಯನ್ನು ಮಾತ್ರ ದೋಣಿಯಲ್ಲಿ ದಾಟಬೇಕು, ಹೆದ್ದಾರಿ ಹಿಡಿದು ತಪ್ಪಿಸಿಕೊಂಡ ಭಾಗವಿದ್ದರೆ ಅದನ್ನು ಮತ್ತೊಮ್ಮೆ ಬಂದು ನಡೆಯಬೇಕು, ಒಂದು ಕಂತು ಎಲ್ಲಿ ನಿಂತಿತೋ ಮುಂದಿನದು ಅಲ್ಲಿಂದಲೇ ಆರಂಭವಾಗಬೇಕು ಎಂಬ ಕಟ್ಟುಪಾಡುಗಳನ್ನು ಮೊದಲೇ ಮಾಡಿಕೊಂಡಿದ್ದೆವು. ಇದುವರೆಗೆ ಒಂದನ್ನೂ ಮುರಿದಿಲ್ಲ. ಶುಕ್ರವಾರ ರಾತ್ರಿ ಹೊರಟು ದಾವಣಗೆರೆ, ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಬೆಳಗಾಗುವಷ್ಟರಲ್ಲಿ ಕುಮಟಾ ಸಿಗುತ್ತದೆ. ಅಲ್ಲಿಂದ ಮುಂದೆ ಕೊಂಕಣ ರೈಲಿನ ನಿಲ್ದಾಣಗಳು ತೀರದುದ್ದಕ್ಕೂ ಇರುವುದರಿಂದ, ನಡಿಗೆ ಮುಗಿದ ಊರಿನಿಂದ ಆರಂಭದ ಊರಿಗೆ ಮರಳುವುದು ಕಷ್ಟವಾಗಲಿಲ್ಲ.

ನಮ್ಮ ದಾಖಲೆ ಪುಸ್ತಕದಲ್ಲಿ ಬೀಚುಗಳಿಗಿಂತ ಅವುಗಳ ನಡುವಿನ ಗುಡ್ಡಗಳಿಗೆ ಹೆಚ್ಚು ಪುಟಗಳು ಮೀಸಲಾಗಿವೆ. ವಾಹನದಲ್ಲಿ ಬಂದವರಿಗೆ ಈ ತೀರವೆಂದರೆ ಒಂದಕ್ಕೊಂದು ಸಂಬಂಧವಿಲ್ಲದ ಮರಳದಂಡೆಗಳು. ಒಂದನ್ನು ನೋಡಿ, ಹೆದ್ದಾರಿಗೆ ಮರಳಿ, ಇನ್ನೊಂದಕ್ಕೆ ಇಳಿಯುತ್ತಾರೆ. ನಡೆಯುವವರಿಗಾದರೋ ಕಡಲಿಗೆ ಮೂಗು ಚಾಚಿ ನಿಂತ ಗುಡ್ಡವನ್ನು ದಾಟುವ ಬಗೆಯೇ ಆ ದಿನದ ಮುಖ್ಯ ಪ್ರಶ್ನೆಯಾಗುತ್ತದೆ. ಪ್ರತಿಯೊಂದು ಮೂಗಿನ ಎದುರೂ ನಾವು 'ಮೇಲೆ', 'ಕೆಳಗೆ' ಅಥವಾ 'ಎರಡೂ' ಎಂದು ಗುರುತು ಹಾಕುತ್ತೇವೆ: ನೆತ್ತಿಯ ಮೇಲಿನ ಕಾಲುದಾರಿಯಲ್ಲಿ ದಾಟಬಹುದೋ, ಇಳಿತದ ಹೊತ್ತಿನಲ್ಲಿ ಬುಡದ ಬಂಡೆಗಳ ಮೇಲೆ ದಾಟಬಹುದೋ ಎಂಬ ಲೆಕ್ಕ ಅದು. ಇದುವರೆಗೆ ಒಂಬತ್ತು ಮೂಗುಗಳಿಗೆ ಗುರುತು ಬಿದ್ದಿದೆ. ಎಲ್ಲ ಮುಗಿದ ಮೇಲೆ ಕೈಯಲ್ಲೇ ಒಂದು ನಕಾಶೆ ಬರೆಯುವ ಆಸೆಯಿದೆ.

ತಾಲೀಮು ನಡೆದದ್ದು ನಮ್ಮ ಕಲ್ಲಿನ ಕೋಟೆಯಲ್ಲಿ. ಎರಡು ತಿಂಗಳ ಕಾಲ ಬೆಳಗಿನ ಜಾವ ಕೋಟೆಯ ಮೆಟ್ಟಿಲು ಹತ್ತಿ ಅಕ್ಕತಂಗಿ ಹೊಂಡದವರೆಗೆ ಹೋಗಿ ಬರುತ್ತಿದ್ದೆವು, ಭಾನುವಾರ ಜೋಗಿಮಟ್ಟಿ ಬೆಟ್ಟಕ್ಕೆ. ಇದರಿಂದ ಉಸಿರು ಗಟ್ಟಿಯಾಯಿತೇ ಹೊರತು ಕಾಲು ಪಳಗಲಿಲ್ಲ. ದುರ್ಗದ ಗ್ರಾನೈಟ್ ಬಂಡೆ ಒಣಗಿರುತ್ತದೆ, ಒರಟಾಗಿರುತ್ತದೆ, ಬರಿಗಾಲನ್ನೂ ಹಿಡಿದು ನಿಲ್ಲಿಸುತ್ತದೆ. ಅದರ ಮೇಲೆ ಬೆಳೆದವರು ಬಂಡೆಯನ್ನು ನಂಬುವುದನ್ನು ಕಲಿತಿರುತ್ತಾರೆ. ಕಡಲ ಬುಡದ ಬಂಡೆಯನ್ನು ಬಣ್ಣ ನೋಡಿ ನಂಬಬೇಕು. ಬಿಳಿಚುಕ್ಕೆಯಂತೆ ಸಣ್ಣ ಚಿಪ್ಪುಗಳು ಅಂಟಿಕೊಂಡ ಭಾಗ ಕಾಲಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ, ಕಪ್ಪಾಗಿ ಹೊಳೆಯುವ ಅಥವಾ ತೆಳುಹಸಿರು ಪಾಚಿ ಹತ್ತಿದ ಭಾಗ ಎಣ್ಣೆ ಸವರಿದ ಹಾಗಿರುತ್ತದೆ. ಈ ಪಾಠ ಮೊದಲ ಕಂತಿನ ಮೊದಲ ಗಂಟೆಯಲ್ಲೇ ಆಯಿತು.

ಆ ಕಂತು ಗೋಕರ್ಣದ ಮುಖ್ಯ ತೀರದಿಂದ ತದಡಿಯವರೆಗಿನದು. ತೀರದ ದಕ್ಷಿಣ ತುದಿಯ ರಾಮತೀರ್ಥದ ಬಳಿ ಗುಡ್ಡ ಹತ್ತಿ ಕೂಡ್ಲೆಗೆ ಇಳಿದೆವು, ಅಲ್ಲಿಂದ ಮತ್ತೆ ಹತ್ತಿ ಓಂ ಬೀಚಿಗೆ. ನಡುವೆ ಚಾಚಿದ ಬಂಡೆಗುಂಪಿನ ಎರಡೂ ಬದಿಗೆ ಒಂದೊಂದು ಅರ್ಧವೃತ್ತ ಕೊರೆದಿರುವುದರಿಂದ ಆ ತೀರಕ್ಕೆ ಓಂಕಾರದ ಆಕಾರ ಬಂದಿದೆ ಎಂಬುದು ಮೇಲಿನಿಂದ ನೋಡಿದಾಗ ಮಾತ್ರ ತಿಳಿಯುತ್ತದೆ. ಕಡಲಿನ ಅಲೆ ಆಳ ಕಡಿಮೆಯಾದಲ್ಲಿ ನಿಧಾನವಾಗಿ ಬಾಗುತ್ತದೆ. ಹೀಗೆ ಬಾಗಿ ಬಾಗಿ ಅದರ ಬಲವೆಲ್ಲ ಚಾಚಿದ ಮೂಗಿನ ಮೇಲೆ ಬಂದು ಬೀಳುತ್ತದೆ, ಕೊಲ್ಲಿಯ ಒಳಗೆ ಬರುವಷ್ಟರಲ್ಲಿ ಬಲ ಕುಂದಿ ಹೊತ್ತು ತಂದ ಮರಳನ್ನು ಅಲ್ಲೇ ಇಳಿಸುತ್ತದೆ. ಗುಡ್ಡದ ನೆತ್ತಿಯ ಮೇಲೆ ಅರ್ಧ ಗಂಟೆ ಕುಳಿತು, ಒಂದೇ ಅಲೆಯ ಎರಡು ತುದಿಗಳು ಒಂದರ ಮುಂದೊಂದು ಬಾಗುವುದನ್ನು ನೋಡಿದ ಮೇಲೆ, ಪುಸ್ತಕದಲ್ಲಿ ಓದಿದ್ದ ಈ ಸಂಗತಿ ನಮ್ಮದಾಯಿತು.

ಓಂ ತೀರದಿಂದ ಹಾಫ್ ಮೂನ್ ತೀರಕ್ಕೂ ಅಲ್ಲಿಂದ ಪ್ಯಾರಡೈಸ್ ತೀರಕ್ಕೂ ಹೋಗುವ ಕಾಲುದಾರಿ ಈ ಮೂರೂ ಕಂತುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದ ಭಾಗ. ದಾರಿ ಒಬ್ಬರು ನಡೆಯುವಷ್ಟೇ ಅಗಲ. ಎಡಕ್ಕೆ ಕುರುಚಲು ಕಾಡು, ಬಲಕ್ಕೆ ನೇರವಾಗಿ ಕಡಲು. ಕಾಲ ಕೆಳಗಿರುವುದು ಜಂಬಿಟ್ಟಿಗೆ, ಕರಾವಳಿಯವರ ಮಾತಿನಲ್ಲಿ ಚೀರೆಕಲ್ಲು. ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಿದೆ: ಹೊರಮೈ ಸುಟ್ಟ ಇಟ್ಟಿಗೆಯಂತೆ ಕಡುಗೆಂಪು, ಒಳಗೆಲ್ಲ ಗೆದ್ದಲು ಕೊರೆದ ಮರದಂತೆ ತೂತುಗಳು, ಕೆಲವು ತೂತುಗಳಲ್ಲಿ ಹಳದಿ ಜೇಡಿ ಇನ್ನೂ ತುಂಬಿಕೊಂಡಿದೆ, ಉಗುರಿನಿಂದ ಕೆರೆದರೆ ಉದುರುತ್ತದೆ. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಬರಹದಲ್ಲಿ, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಇಂಥದೇ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ. ನೋಡಿದವರಿಗೆಲ್ಲ ಹೊಳೆದದ್ದು ಒಂದೇ ಎಂದಾಯಿತು.

ಇದು ಮಳೆಯಿಂದ ಹುಟ್ಟಿದ ಕಲ್ಲು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ನೀರು ಲಕ್ಷಾಂತರ ವರ್ಷ ಮೂಲಬಂಡೆಯೊಳಗಿನ ಸಿಲಿಕವನ್ನು ಕರಗಿಸಿ ಒಯ್ದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಮ್ ಆಕ್ಸೈಡುಗಳೇ ಹೀಗೆ ಗಟ್ಟಿಗೊಂಡಿವೆ. ಅದರ ಐದನೆಯ ಒಂದು ಪಾಲಿನಷ್ಟು ಮಳೆ ಬಿದ್ದರೆ ಸಮಾಧಾನಪಡುವ ನಮ್ಮ ಬಯಲುಸೀಮೆಯಲ್ಲಿ ನಿಂತು ಇದನ್ನು ಊಹಿಸುವುದು ಕಷ್ಟ. ನಡೆಯುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯೂ ಇದೆ. ಮೇಲಿನ ಕೆಂಪು ಪದರ ಗಾಳಿಗೆ ಒಡ್ಡಿಕೊಂಡು ಗಟ್ಟಿಯಾಗಿರುತ್ತದೆ, ಅದರ ಕೆಳಗಿನ ಜೇಡಿಪದರ ಮೆತ್ತಗಿರುತ್ತದೆ. ಅಲೆ ಮತ್ತು ಮಳೆನೀರು ಕೆಳಗಿನದನ್ನು ಕೊರೆದಾಗ ಮೇಲಿನದು ಆಧಾರವಿಲ್ಲದೆ ಚಾವಣಿಯಂತೆ ಚಾಚಿಕೊಂಡಿರುತ್ತದೆ, ಒಂದು ದಿನ ಇಡೀ ತುಂಡು ಕಳಚುತ್ತದೆ. ಅಂಥ ತುದಿಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವವರನ್ನು ನಾವು ಅಲ್ಲಿ ಕಂಡೆವು, ಕರೆದು ಹೇಳಿದೆವು. ಅವರ ಕಾಲ ಕೆಳಗೆ ಏನಿದೆ, ಏನಿಲ್ಲ ಎಂಬುದು ಅವರು ನಿಂತ ಜಾಗದಿಂದ ಕಾಣುತ್ತಿರಲಿಲ್ಲ.

ಪ್ಯಾರಡೈಸ್ ತೀರದಿಂದ ಬೇಲೆಕಾನಿಗೆ, ಅಲ್ಲಿಂದ ತದಡಿಗೆ ಬರುವಷ್ಟರಲ್ಲಿ ಸಂಜೆಯಾಯಿತು. ಎರಡನೆಯ ಕಂತು ಡಿಸೆಂಬರಿನಲ್ಲಿ ತದಡಿಯಿಂದ ಆರಂಭವಾಗಿ, ಅಘನಾಶಿನಿಯ ಬಾಯಿಯನ್ನು ದೋಣಿಯಲ್ಲಿ ದಾಟಿಸಿತು. ದೋಣಿಯ ದಾರಿ ಚಿಕ್ಕದು, ಆದರೆ ಆ ಅಳಿವೆಯನ್ನು ಅವಸರದಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಇಳಿತದಲ್ಲಿ ತೇಲಿದ ಕೆಸರು ದಿಬ್ಬಗಳ ಅಂಚಿನಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಹೆಂಗಸರು, ಗಂಡಸರು ಬಳಚು ಹೆಕ್ಕುತ್ತಿದ್ದರು. ಕಾಲಬೆರಳಿನಿಂದ ಕೆಸರನ್ನು ತಡಕಿ, ಚಿಪ್ಪು ಸಿಕ್ಕಿದೊಡನೆ ಬಾಗಿ ಎತ್ತಿ ಬುಟ್ಟಿಗೆ ಹಾಕುವ ಆ ಕೆಲಸದಲ್ಲಿ ಒಂದು ಲಯವಿತ್ತು. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳಿವೆ, ಅಳಿವೆಯ ಗಜನಿಗಳಲ್ಲಿ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗುಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ, ಅಂಚಿಗೆ ಉಪ್ಪುನೀರಿನಲ್ಲಿ ಬೆಳೆಯುವ ಮರಗಳ ಕಾಂಡ್ಲಾವನ. ಅಣೆಕಟ್ಟೆಯಿಲ್ಲದೆ ಕಡಲು ಸೇರುವ ಈ ಹೊಳೆಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ, ಪಟ್ಟಿಗೆ ಸೇರಿದೆ. ವಾಣಿವಿಲಾಸ ಸಾಗರದ ನೀರಿನ ಮಟ್ಟವನ್ನು ದಿನಪತ್ರಿಕೆಯಲ್ಲಿ ನೋಡಿ ವರ್ಷವನ್ನು ಅಳೆಯುವ ಜಿಲ್ಲೆಯಿಂದ ಬಂದ ನಮಗೆ, ಹೊಳೆಯೊಂದು ತಡೆಯಿಲ್ಲದೆ ತನ್ನ ಬಾಯಿಯವರೆಗೆ ಬಂದಿರುವುದನ್ನು ನೋಡುವುದೇ ಒಂದು ಅನುಭವವಾಗಿತ್ತು.

ಅದೇ ದಿನ ಮಧ್ಯಾಹ್ನ ನಮ್ಮಿಂದ ಗಂಭೀರವಾದ ತಪ್ಪೊಂದು ಆಯಿತು. ಕಾಗಾಲ, ಬಾಡ ದಾಟಿದ ಮೇಲೆ ಕಡ್ಲೆ ತೀರಕ್ಕೆ ಮುಂಚೆ ಬರುವ ಒಂದು ಮೂಗನ್ನು ಬುಡದ ಬಂಡೆಗಳ ಮೇಲೆ ದಾಟಲು ಹೊರಟೆವು. ಫೋನಿನಲ್ಲಿದ್ದ ಉಬ್ಬರ-ಇಳಿತದ ಕೋಷ್ಟಕದ ಪ್ರಕಾರ ಅದು ಇಳಿತದ ತಳಮಟ್ಟದ ಹೊತ್ತು. ಆದರೆ ಅದು ಮುಂಬೈ ಬಂದರಿನ ಕೋಷ್ಟಕವೆಂಬುದನ್ನು ಮೂವರಲ್ಲಿ ಯಾರೂ ಗಮನಿಸಿರಲಿಲ್ಲ. ನಮ್ಮ ಪಶ್ಚಿಮ ತೀರದಲ್ಲಿ ಉಬ್ಬರ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಮುಂಬೈಯಲ್ಲಿ ನೀರು ತಳ ಮುಟ್ಟುವ ಹೊತ್ತಿಗೆ ಕುಮಟಾದಲ್ಲಿ ಆಗಲೇ ಏರತೊಡಗಿರುತ್ತದೆ. ಊಟಕ್ಕೆಂದು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕುಳಿತು ಇನ್ನಷ್ಟು ತಡಮಾಡಿದ್ದೆವು. ಮೂಗಿನ ನಡುಭಾಗಕ್ಕೆ ಬಂದಾಗ ಮುಂದಿನ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ನೀರು ತೊಡೆಮಟ್ಟಕ್ಕೆ ನುಗ್ಗಿ ಹಿಂದಕ್ಕೆ ಸೆಳೆಯುತ್ತಿತ್ತು. ಹಿಂದಿರುಗಿ ನೋಡಿದರೆ ಹತ್ತು ನಿಮಿಷದ ಹಿಂದೆ ಕಾಲಿಟ್ಟ ಬಂಡೆ ನೊರೆಯಲ್ಲಿ ಮುಳುಗಿ ಏಳುತ್ತಿತ್ತು.

ಅಲ್ಲಿ ನೀರಿಗಿಳಿಯದೆ ಮೇಲಕ್ಕೆ ಹತ್ತಿದ್ದು ನಮ್ಮನ್ನು ಉಳಿಸಿತು. ಮಳೆನೀರು ಕೊರೆದ ಒಂದು ಕೊರಕಲಿನಲ್ಲಿ, ಮುಂಡಿಗೆಯ ಬೇರುಗಳನ್ನು ಹಿಡಿದು, ಒಬ್ಬರ ಹಿಂದೊಬ್ಬರು ನಲವತ್ತು ನಿಮಿಷ ತೆಗೆದುಕೊಂಡು ನೆತ್ತಿಗೆ ಬಂದೆವು. ಒಬ್ಬ ಗೆಳೆಯನ ಅಂಗೈ ಬಂಡೆಗೆ ಅಂಟಿದ ಸಿಂಪಿಯ ಅಂಚಿಗೆ ಸೀಳಿ, ಕುಮಟಾದಲ್ಲಿ ಮೂರು ಹೊಲಿಗೆ ಹಾಕಿಸಬೇಕಾಯಿತು. ಆ ಮೂಗಿನ ಎದುರು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 'ಮೇಲೆ ಮಾತ್ರ' ಎಂದು ಬರೆದಿದ್ದೇವೆ. ಅಂದಿನಿಂದ ಕಾರವಾರದ ಕೋಷ್ಟಕವನ್ನೇ ಬಳಸುತ್ತೇವೆ, ಹೊರಡುವ ಮುನ್ನ ತೀರದ ಮೀನುಗಾರರನ್ನೂ ಕೇಳುತ್ತೇವೆ. ಬುಡದ ದಾರಿಯನ್ನು ಇಳಿತದ ತಳಕ್ಕೆ ಒಂದು ಗಂಟೆ ಮೊದಲೇ ಹಿಡಿಯುತ್ತೇವೆ, ನೀರು ತಿರುಗಿದ ಮೇಲೆ ಹಿಡಿಯುವುದಿಲ್ಲ. ದಿನಕ್ಕೆ ಸುಮಾರು ಐವತ್ತು ನಿಮಿಷ ಈ ಹೊತ್ತು ಮುಂದಕ್ಕೆ ಹೋಗುವುದರಿಂದ ಶನಿವಾರದ ಲೆಕ್ಕ ಭಾನುವಾರಕ್ಕೆ ನಡೆಯುವುದಿಲ್ಲ ಎಂಬುದೂ ಈಗ ನಮಗೆ ಬಾಯಿಪಾಠ. ಕುಮಟಾದ ವನ್ನಳ್ಳಿಯವರೆಗಿನ ಉಳಿದ ಭಾಗವನ್ನು ಮರುದಿನ ನಡೆದೆವು. ಒಂದು ಕಡೆ ಊರವರು ತಲೆಮಾರುಗಳಿಂದ ಬಳಸುತ್ತಿದ್ದ ಕಾಲುದಾರಿಗೆ ಯಾರೋ ತಂತಿಬೇಲಿ ಹಾಕಿದ್ದರಿಂದ ಬಹಳ ಸುತ್ತಬೇಕಾಯಿತು. ಅಂಥ ದಾರಿಗಳು ಒಂದೊಂದಾಗಿ ಮುಚ್ಚುತ್ತಿರುವುದು ನೋವಿನ ಸಂಗತಿ, ನಕಾಶೆಯನ್ನು ಬೇಗ ಬರೆಯಬೇಕೆನ್ನುವುದಕ್ಕೆ ಅದೂ ಒಂದು ಕಾರಣ.

ಮೂರನೆಯ ಕಂತು, ಕುಮಟಾದಿಂದ ಧಾರೇಶ್ವರಕ್ಕೆ, ಹೆಚ್ಚಿನಂಶ ಮರಳಿನ ನಡಿಗೆಯಾದ್ದರಿಂದ ಹೇಳುವುದು ಕಡಿಮೆ. ಒದ್ದೆ ಮರಳಿನ ಗಟ್ಟಿ ಪಟ್ಟಿಯಲ್ಲಿ ಹೆಜ್ಜೆ ಹಗುರವಾಗಿತ್ತು, ಮೇಲಿನ ಒಣಮರಳಿನಲ್ಲಿ ಅಡುಂಬು ಬಳ್ಳಿ ನೇರಳೆ ಹೂ ಬಿಟ್ಟಿತ್ತು. ಆತ್ಮಲಿಂಗದ ಕಥೆಯಲ್ಲಿ ಬರುವ ಐದು ಕ್ಷೇತ್ರಗಳ ಪೈಕಿ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ಎಂಬ ನಾಲ್ಕು ನಮ್ಮ ದಾರಿಯ ಮೇಲೆಯೇ ಬರುತ್ತವೆ, ಅವುಗಳಲ್ಲಿ ಎರಡು ಈಗ ಆದವು.

ಎರಡು ಕಂತುಗಳ ನಡುವೆ ಒಂದು ಭಾನುವಾರ ಮರಡಿಹಳ್ಳಿಗೆ ಹೋಗಿದ್ದೆವು. ಚಿತ್ರದುರ್ಗದ ಆಗ್ನೇಯಕ್ಕೆ, ಐಮಂಗಲದ ಸಮೀಪ, ಒಣ ಹೊಲಗಳ ನಡುವಿನ ಆ ದಿಬ್ಬದ ಬಂಡೆಗಳು ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗಿವೆ; ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಹೊರಚರ್ಮ ಥಟ್ಟನೆ ಹೆಪ್ಪುಗಟ್ಟಿ ಹೀಗೆ ದಿಂಬಿನಾಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿ ನೀರಿನ ತಳವಿತ್ತು ಎಂಬುದಕ್ಕೆ ಆ ಬಂಡೆಯೇ ಸಾಕ್ಷಿ. ಈ ದಿಂಬುಗಳ ಬಗ್ಗೆ ಶಾಲೆಯ ದಿನಗಳಲ್ಲೇ ಕೇಳಿದ್ದೆ, ಆದರೆ ಕಡಲ ಬುಡದ ಬಂಡೆಯ ಮೇಲೆ ಅಂಗಾಲು ಸವೆಸಿದ ಮೇಲೆ ಮುಟ್ಟಿದಾಗ ಬೇರೆಯೇ ಅನ್ನಿಸಿತು. ಅಂಗೈಗೆ ಹೊಲಿಗೆ ಹಾಕಿಸಿಕೊಂಡ ಗೆಳೆಯ ಒಂದು ದಿಂಬಿನ ಮೇಲೆ ಆ ಕೈಯನ್ನೇ ಇಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ.

ನಾಲ್ಕನೆಯ ಕಂತು ಧಾರೇಶ್ವರದಿಂದ ಹೊನ್ನಾವರಕ್ಕೆ. ಶರಾವತಿಯ ಬಾಯಿ ದಾಟಿಸುವ ದೋಣಿಯ ವಿಚಾರಣೆ ನಡೆಯುತ್ತಿದೆ. ಅದರ ನಂತರ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಕಾಸರಕೋಡು ತೀರ, ಅದರಾಚೆಗೆ ಅಪ್ಸರಕೊಂಡದ ಗುಡ್ಡ ಬರುತ್ತದೆ. ಆ ಗುಡ್ಡದ ಬುಡದ ಬಂಡೆಗಳನ್ನು ನೋಡುವವರೆಗೆ ಪುಸ್ತಕದಲ್ಲಿ ಅದರ ಎದುರಿನ ಜಾಗ ಖಾಲಿಯಾಗಿಯೇ ಇರುತ್ತದೆ. ಮಾರ್ಚ್ ದಾಟಿದರೆ ಮರಳಿನ ಮೇಲೆ ಹಗಲು ನಡೆಯಲಾಗುವುದಿಲ್ಲ, ಜೂನ್ ಬಂದರೆ ಕಡಲಿನ ಹತ್ತಿರವೂ ಸುಳಿಯುವಂತಿಲ್ಲ, ಹಾಗಾಗಿ ಫೆಬ್ರವರಿಯ ಎರಡು ವಾರಾಂತ್ಯಗಳನ್ನು ಗೊತ್ತುಮಾಡಿದ್ದೇವೆ. ಮೊದಲನೆಯ ಶನಿವಾರದ ಇಳಿತದ ಹೊತ್ತನ್ನು ಕಾರವಾರದ ಕೋಷ್ಟಕದಿಂದ ಮೂವರೂ ಬೇರೆ ಬೇರೆಯಾಗಿ ಬರೆದುಕೊಂಡು, ನಿನ್ನೆ ಸಂಜೆ ಕೋಟೆಯ ಮುಂಬಾಗಿಲ ಬಳಿ ಕುಳಿತು ತಾಳೆ ನೋಡಿದೆವು. ಮೂರರಲ್ಲೂ ಒಂದೇ ಹೊತ್ತು ಇದೆ.