ಪುನರ್ವಸು ಮಳೆಯಲ್ಲಿ ಸಕಲೇಶಪುರ: ಮಕ್ಕಳು, ನಾಯಿ ಮತ್ತು ಒಣಗದ ಬಟ್ಟೆ

ಜುಲೈ ಮೊದಲ ವಾರ ಪುನರ್ವಸು ಮಳೆ ಹಿಡಿಯಿತೆಂದರೆ ಸಕಲೇಶಪುರದ ಕಡೆ ಬಟ್ಟೆ ಒಣಗುವುದು ನಿಂತಂತೆಯೇ. ಬೆಂಗಳೂರಿನ ಮಳೆ ಒಂದು ಗಂಟೆ ಸುರಿದು ಬಿಡುತ್ತದೆ. ಇಲ್ಲಿಯದು ಹಗಲು ರಾತ್ರಿ ಜಿನುಗುತ್ತ, ನಡುನಡುವೆ ಬಿರುಸಾಗುತ್ತ, ದಿಂಬು ಹೊದಿಕೆಯವರೆಗೂ ತೇವ ಇಳಿಸುವ ಮಳೆ. ಮೂರು ಮತ್ತು ಏಳು ವರ್ಷದ ಎರಡು ಮಕ್ಕಳು, ಜೊತೆಗೊಂದು ಲ್ಯಾಬ್ರಡಾರ್ ನಾಯಿ ಇರುವ ಸಂಸಾರ ಎರಡು ರಾತ್ರಿಗೆ ಅಲ್ಲಿಗೆ ಹೊರಟರೆ ನೆನೆಯುವುದಕ್ಕೆ ಹೆದರಬೇಕಾಗಿಲ್ಲ. ನೆನೆದದ್ದನ್ನು ಒಣಗಿಸುವ ದಾರಿಯನ್ನು ಮಾತ್ರ ಮನೆಯಲ್ಲೇ ಯೋಚಿಸಿರಬೇಕು.

ಚೀಲ ತುಂಬುವ ಕೆಲಸದ ಲೆಕ್ಕವೂ ಅಲ್ಲಿಂದಲೇ ಶುರು. ಮಗುವೊಂದಕ್ಕೆ ದಿನಕ್ಕೆ ಮೂರು ಜೊತೆ ಬಟ್ಟೆ, ಕಾಲುಚೀಲ ನಾಲ್ಕು ಜೊತೆ. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಎರಡು ದಿನಕ್ಕೂ ಆರುವುದಿಲ್ಲ. ತೆಳುವಾದ ಟ್ರ್ಯಾಕ್ ಪ್ಯಾಂಟ್ ಒಳ್ಳೆಯದು. ಮಲೆನಾಡಿನ ಗಾಳಿಗೆ ಕೊಡೆ ನಿಲ್ಲದು, ಆದ್ದರಿಂದ ಅಂಗಿ-ಪ್ಯಾಂಟ್ ಬೇರೆಬೇರೆ ಇರುವ ರೇನ್‌ಕೋಟ್ ಇರಲಿ. ನಿಲುವಂಗಿಯಂಥ ರೇನ್‌ಕೋಟ್ ಹಾಕಿಕೊಂಡು ಮಕ್ಕಳು ಮೆಟ್ಟಿಲು ಹತ್ತಿದರೆ ಅಂಚನ್ನು ತುಳಿದು ಮುಗ್ಗರಿಸುತ್ತವೆ. ಗಮ್‌ಬೂಟು ಒಂದು ಸೈಜು ದೊಡ್ಡದಿರಲಿ, ಒಳಗೆ ದಪ್ಪ ಕಾಲುಚೀಲ ಹಿಡಿಯಬೇಕು. ಚಿಕ್ಕದಕ್ಕೆ ರಾತ್ರಿ ಡೈಪರ್ ಹಾಕುವ ಅಭ್ಯಾಸವಿದ್ದರೆ ಮನೆಯ ಲೆಕ್ಕಕ್ಕಿಂತ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ, ಚಳಿಗೆ ಮಕ್ಕಳು ಹೆಚ್ಚು ಮೂತ್ರ ಮಾಡುತ್ತವೆ. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ ವಾಪಸ್ ತನ್ನಿ. ತೋಟದ ಮನೆಗಳಿಗೆ ಕಸದ ಗಾಡಿ ಬರುವುದಿಲ್ಲ, ಅಲ್ಲಿ ಎಸೆದದ್ದು ಹಳ್ಳ ಸೇರುತ್ತದೆ. ನಾಯಿಗೆ ಹಳೆಯ ಟವೆಲ್ ನಾಲ್ಕು. ಹಳೆಯ ದಿನಪತ್ರಿಕೆ ಒಂದು ಕಟ್ಟು, ಇದರಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಕೊನೆಗೆ ಎಲ್ಲರದೂ ಒಂದೊಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಡಿಕ್ಕಿಯ ಮೂಲೆಗೆ ಇಡಿ. ವಾಪಸ್ ಹೊರಡುವ ಬೆಳಿಗ್ಗೆಯವರೆಗೆ ಅದನ್ನು ಬಿಚ್ಚಬಾರದು.

ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿ.ಮೀ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ ದಾಟುವ ರಾಷ್ಟ್ರೀಯ ಹೆದ್ದಾರಿ 75. ಬೆಳಿಗ್ಗೆ ಐದೂವರೆಗೆ ಬಿಟ್ಟರೆ ನೆಲಮಂಗಲದ ದಟ್ಟಣೆ ತಪ್ಪುತ್ತದೆ, ಮಕ್ಕಳೂ ಯಡಿಯೂರಿನವರೆಗೆ ನಿದ್ದೆಯಲ್ಲಿರುತ್ತವೆ. ನಾಯಿಗೆ ಹಿಂದಿನ ರಾತ್ರಿಯ ಊಟವೇ ಸಾಕು. ಹೊರಡುವ ಮುಂಚೆ ಬರೀ ನೀರು. ಕಾರಿನಲ್ಲಿ ಅದನ್ನು ಕುತ್ತಿಗೆಪಟ್ಟಿಗೆ ಕಟ್ಟಬೇಡಿ, ಸಡನ್ ಬ್ರೇಕ್ ಹೊಡೆದರೆ ಕುತ್ತಿಗೆಗೇ ಪೆಟ್ಟು. ಎದೆಗೆ ಹಾಕುವ ಹಾರ್ನೆಸ್‌ನ್ನು ಸೀಟ್‌ಬೆಲ್ಟಿಗೆ ಸಿಕ್ಕಿಸಬೇಕು.

ಮಕ್ಕಳಿಗೆ ವಾಂತಿಯಾಗುವುದು ಈ ಹೆದ್ದಾರಿಯಲ್ಲಲ್ಲ. ಅದು ಹಾಸನದವರೆಗೂ ನೆಟ್ಟಗೆ ಇದೆ. ಹೆದ್ದಾರಿ ಬಿಟ್ಟು ತೋಟದ ಕಡೆಗೆ ತಿರುಗಿದ ಮೇಲಿನ ಹತ್ತು-ಹದಿನೈದು ಕಿ.ಮೀ. ಇದೆಯಲ್ಲ, ಒಂದು-ಎರಡನೇ ಗೇರಿನಲ್ಲಿ ಹೊರಳುತ್ತ ಹೋಗುವ ಕಿರುದಾರಿ, ಅಲ್ಲಿ ಕಷ್ಟ. ಹಾಗಾಗಿ ಹೊಟ್ಟೆ ತುಂಬ ತಿಂಡಿ ಬೆಳ್ಳೂರು ಕ್ರಾಸಿನಲ್ಲೋ ಚನ್ನರಾಯಪಟ್ಟಣದಲ್ಲೋ ಎಂಟು ಗಂಟೆಯೊಳಗೆ ಮುಗಿಯಲಿ. ಹಾಸನ ದಾಟಿದ ಮೇಲೆ ಹಾಲು, ಚಾಕೊಲೇಟ್ ಕೊಡಬೇಡಿ, ಒಂದು ಹಿಡಿ ಮಂಡಕ್ಕಿ ಸಾಕು. ಮೊಬೈಲ್ ಕಿತ್ತಿಟ್ಟು ದೂರದ ಗುಡ್ಡ ತೋರಿಸಬೇಕು. ಕಣ್ಣಿಗೆ ಅಲುಗದ ಪರದೆ, ಕಿವಿಯೊಳಗಿನ ಸಮತೋಲನಕ್ಕೆ ಅಲುಗುವ ಕಾರು, ಈ ಎರಡರ ತಿಕ್ಕಾಟದಿಂದಲೇ ಹೊಟ್ಟೆ ತೊಳಸುವುದು. ಅಂದಹಾಗೆ, ಚಾಕೊಲೇಟ್ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿಯೂ ಹಾಗೆಯೇ. ಹಿಂದಿನ ಸೀಟಿನಲ್ಲಿ ಮಗುವಿನ ಕೈಯಿಂದ ನಾಯಿಯ ಬಾಯಿಗೆ ಏನು ದಾಟುತ್ತಿದೆ ಎಂದು ನೋಡುತ್ತಿರಬೇಕು.

ಹಾಸನದಿಂದ ಮುಂದಕ್ಕೆ ಮಳೆ ಸಿಗುತ್ತದೆ, ಗಾಜು ಮಂಜಾಗುತ್ತದೆ. ನಾಲ್ಕು ಜನರ ಉಸಿರಿನ ಜೊತೆ ಏದುಸಿರು ಬಿಡುವ ಒದ್ದೆ ನಾಯಿಯೂ ಇದ್ದರೆ ಕಾರಿನೊಳಗೆ ಹಬೆ ತುಂಬುತ್ತದೆ. ಎ.ಸಿ. ಹಾಕಿ ಹೊರಗಾಳಿ ಎಳೆಯುವಂತೆ ತಿರುಗಿಸಿ. ಒಳಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿಟ್ಟು ಗಾಜು ಒರೆಸುತ್ತ ಕೂತರೆ ಮಂಜು ಹೋಗುವುದಿಲ್ಲ.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳನ್ನು ಹೊರಡುವ ಹಿಂದಿನ ಸಂಜೆ ನೋಡಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಎಂಬುದು ಇಲಾಖೆಯ ಲೆಕ್ಕ. ಹಳದಿ ಇದ್ದರೆ ಹೋಗಬಹುದು. ಕಿತ್ತಳೆ ಇದ್ದರೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರಡದಿರುವುದೇ ಸರಿ. ಕೆಂಪಿಗೆ ಎರಡನೇ ಮಾತಿಲ್ಲ. ಸಕಲೇಶಪುರದಿಂದ ಮುಂದೆ ದೋಣಿಗಾಲಿನ ಬಳಿ ಶುರುವಾಗುವ ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ, 2018ರ ಆಗಸ್ಟಿನಲ್ಲಿ ಜರಿದಾಗ ರಸ್ತೆಯೇ ಮುಚ್ಚಿತ್ತು. ಮಕ್ಕಳನ್ನು ಕೂರಿಸಿಕೊಂಡು ಸುಮ್ಮನೆ ಘಾಟಿ ನೋಡಿ ಬರುತ್ತೇವೆ ಎಂದು ಇಳಿಯುವುದು ಬೇಡ.

ಹೋಂಸ್ಟೇ ಗೊತ್ತು ಮಾಡುವಾಗ ನಾಯಿ ಬಿಡುತ್ತೀರಾ ಎಂದಷ್ಟೇ ಕೇಳಿದರೆ ಸಾಲದು. ಬಚ್ಚಲೊಲೆ ಇದೆಯೇ ಎಂದು ಕೇಳಿ. ಹಂಡೆಯ ಕೆಳಗೆ ಸೌದೆ ಉರಿಯುವ ಮನೆಯಲ್ಲಿ ಬಟ್ಟೆ ಒಣಗುತ್ತದೆ, ಸೋಲಾರ್ ನೀರಿನ ಮನೆಯಲ್ಲಿ ಒಣಗುವುದಿಲ್ಲ. ಒಲೆಯ ಮೇಲಿನ ಹಗ್ಗಕ್ಕೆ ಚಿಕ್ಕ ಬಟ್ಟೆಗಳನ್ನು ರಾತ್ರಿ ಹರವಿದರೆ ಬೆಳಿಗ್ಗೆ ಹೊಗೆಯ ವಾಸನೆಯಿರುತ್ತದೆ, ಆದರೆ ಬೆಚ್ಚಗೆ ಒಣಗಿರುತ್ತವೆ. ಬೂಟಿನೊಳಗೆ ಪೇಪರ್ ಉಂಡೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಕೇಳಿಟ್ಟುಕೊಳ್ಳಿ. ತಂತಿಯ ಮೇಲೆ ಮರ ಬಿದ್ದರೆ ಮರುದಿನದವರೆಗೂ ಬರದಿರಬಹುದು. ಉಬ್ಬಸದ ಮಗುವಿದ್ದರೆ ನೆಬ್ಯುಲೈಸರ್ ಒಂದನ್ನೇ ನಂಬಿಕೊಳ್ಳದೆ, ವೈದ್ಯರನ್ನು ಕೇಳಿ ಇನ್‌ಹೇಲರ್ ಮತ್ತು ಸ್ಪೇಸರ್ ಒಯ್ಯಬೇಕು. ಜ್ವರದ ಪ್ಯಾರಸಿಟಮಾಲ್ ವಿಷಯದಲ್ಲಿ ತಪ್ಪಾಗುವುದು ಬಾಟಲಿ ಬದಲಾದಾಗ. ಹನಿ ಹಾಕುವ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ., ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಅಥವಾ 250 ಮಿ.ಗ್ರಾಂ. ಇರುತ್ತದೆ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಅಪಾಯ. ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಬರೆಸಿ ಬಾಟಲಿಗೇ ಅಂಟಿಸಿಬಿಡಿ.

ತೋಟದ ಮನೆಯಲ್ಲಿ ನಾಯಿ ಇದ್ದೇ ಇರುತ್ತದೆ. ನಮ್ಮದನ್ನು ಏಕಾಏಕಿ ಅಂಗಳಕ್ಕೆ ಬಿಟ್ಟರೆ ಜಗಳ ಖಚಿತ. ಗೇಟಿನ ಹೊರಗೆ ಎರಡಕ್ಕೂ ಹಗ್ಗ ಹಿಡಿದು, ಒಟ್ಟಿಗೆ ಐವತ್ತು ಹೆಜ್ಜೆ ನಡೆಸಿ ಆಮೇಲೆ ಒಳಗೆ ಕರೆತರಬೇಕು. ಕೋಳಿ, ಕರು ಇರುವ ಕಡೆ ಹಗ್ಗ ಬಿಚ್ಚಲೇಬೇಡಿ. ಕತ್ತಲಾದ ಮೇಲೆ ತೋಟದೊಳಗೆ ನಾಯಿಯನ್ನು ಸುತ್ತಾಡಿಸುವುದಂತೂ ಕೂಡದು. ಸಕಲೇಶಪುರ-ಆಲೂರು ಸೀಮೆ ಕಾಡಾನೆ ಓಡಾಡುವ ಜಾಗ. ನಾಯಿ ಆನೆಗೆ ಬೊಗಳಿ ಕೆಣಕುತ್ತದೆ, ಹೆದರಿದಾಗ ಯಜಮಾನನ ಕಡೆಗೇ ಓಡಿಬರುತ್ತದೆ, ಅದರ ಹಿಂದೆ ಆನೆ. ಆನೆ ಯಾವ ಕಡೆ ಇದೆ ಎಂಬ ಸುದ್ದಿ ಊರವರ ಮೊಬೈಲಿಗೆ ಬರುತ್ತಿರುತ್ತದೆ, ಮನೆಯವರನ್ನು ಕೇಳದೆ ಹೆಜ್ಜೆ ಹೊರಗಿಡಬೇಡಿ. ಬೇಲಿಯಲ್ಲಿ ತೆಳು ತಂತಿ ಕಂಡರೆ ಅದು ಐಬೆಕ್ಸ್, ಅಂದರೆ ಕರೆಂಟಿನ ಬೇಲಿ, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ಮಕ್ಕಳಿಗೆ ಹೋದ ಕೂಡಲೇ ತೋರಿಸಿ ಹೇಳಿ.

ಇನ್ನು ಉಂಬಳ, ಅಂದರೆ ನೆಲದ ಮೇಲಿನ ಜಿಗಣೆ. ತೋಟಕ್ಕೆ ಕಾಲಿಟ್ಟರೆ ಹತ್ತುವುದು ಸಹಜ, ಹೆದರಿಸಬೇಕಾದ ವಿಷಯವೇ ಅಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಸುಣ್ಣ, ಹೊಗೆಸೊಪ್ಪಿನ ನೀರು ದೊಡ್ಡವರ ಬೂಟಿಗೆ ಸರಿ, ಮಕ್ಕಳ ಚರ್ಮಕ್ಕೂ ನಾಯಿಯ ನಾಲಿಗೆಗೂ ಆಗದು. ಕಚ್ಚಿ ಹಿಡಿದದ್ದರ ಸಣ್ಣ ತುದಿಯ ಬಳಿ ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿದರೆ ಬಾಯಿ ಬಿಡುತ್ತದೆ, ಆಮೇಲೆ ದಪ್ಪ ತುದಿಯನ್ನು ಬಿಡಿಸಿ. ಬೆಂಕಿ ತಾಗಿಸಿದರೆ, ಉಪ್ಪು ಸುರಿದರೆ ಹೀರಿದ್ದನ್ನು ಗಾಯಕ್ಕೇ ಕಾರಬಹುದು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಬಿಡಿಸಿದ ಮೇಲೂ ಒಸರುತ್ತದೆ. ಸೋಪಿನಿಂದ ತೊಳೆದು ಹತ್ತು ನಿಮಿಷ ಹತ್ತಿ ಒತ್ತಿ ಹಿಡಿಯಿರಿ. ನಾಯಿಯಲ್ಲಿ ಹುಡುಕಬೇಕಾದದ್ದು ಬೆರಳ ಸಂದು, ತುಟಿಯ ಒಳಗು, ಕಿವಿಯ ಬುಡ. ಹಳ್ಳದ ನೀರು ಕುಡಿದ ಮೇಲೆ ಸೀನುತ್ತಿದ್ದು ಒಂದೇ ಹೊಳ್ಳೆಯಿಂದ ರಕ್ತ ಬಂದರೆ ಮೂಗಿನೊಳಗೆ ಜಿಗಣೆ ಸೇರಿರಬಹುದು, ಪಶುವೈದ್ಯರೇ ತೆಗೆಯಬೇಕು. ನಿಂತ ನೀರು ಕುಡಿಸದಿರಲು ಇನ್ನೊಂದು ಕಾರಣ ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್). ನಾಯಿಯ ಲಸಿಕೆ ಪುಸ್ತಕದಲ್ಲಿ ರೇಬಿಸ್ ಜೊತೆ ಲೆಪ್ಟೊಸ್ಪೈರೋಸಿಸ್ ಚುಚ್ಚುಮದ್ದಿಗೂ ವರ್ಷ ತುಂಬಿಲ್ಲವೆಂದು ನೋಡಿಕೊಂಡೇ ಹೊರಡಿ. ಲ್ಯಾಬ್ರಡಾರ್‌ಗೆ ಎರಡು ಪದರದ ಕೂದಲು, ಮೇಲೆ ಒಣಗಿದಂತೆ ಕಂಡರೂ ಬುಡ ಒದ್ದೆಯಿರುತ್ತದೆ. ಕೂದಲಿಗೆ ಎದುರಾಗಿ ಟವೆಲ್ ಉಜ್ಜಿ, ಜೋಲುಕಿವಿಯ ಒಳಬದಿಯನ್ನು ಹತ್ತಿಯಲ್ಲಿ ಒರೆಸಿ.

ಎರಡನೇ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟರೆ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ಊರಿನಿಂದ ಐದಾರು ಕಿ.ಮೀ., ಹೆದ್ದಾರಿ ಪಕ್ಕದಲ್ಲೇ ಮೆಟ್ಟಿಲು ಹತ್ತಬೇಕು. ಪಾಚಿ ಹಿಡಿದ ಮೆಟ್ಟಿಲು, ಇಳಿಯುವಾಗಲೇ ಜಾರುವುದು ಹೆಚ್ಚು. ಚಿಕ್ಕದನ್ನು ಎದೆಗೆ ಕಟ್ಟಿಕೊಳ್ಳಬೇಡಿ, ಕಾಲ ಕೆಳಗಿನ ಮೆಟ್ಟಿಲು ಕಾಣದು. ಬೆನ್ನಿಗೆ ಕಟ್ಟಿಕೊಳ್ಳಿ. ಒಳಗೆ ನಡುವೆ ಶಿಲುಬೆಯಾಕಾರದ ಮೆಟ್ಟಿಲುಕೊಳವಿದೆ, ಅದರ ಅಂಚಿನಲ್ಲೂ ಗೋಡೆಯ ಮೇಲೂ ಮಕ್ಕಳ ಕೈ ಬಿಡುವಂತಿಲ್ಲ. ನಾಯಿಯನ್ನು ಹೋಂಸ್ಟೇಯಲ್ಲಿ ಒಬ್ಬರ ಬಳಿ ಬಿಟ್ಟು ಹೋಗುವುದು ವಾಸಿ, ಹಗ್ಗ ಹಿಡಿದ ಕೈ ಮಗುವನ್ನು ಹಿಡಿಯಲಾರದು. ನಕ್ಷತ್ರದ ಆಕಾರ ಕಾಣುವುದು ಆಕಾಶದಿಂದ ಮಾತ್ರ. ಏಳು ವರ್ಷದವರಿಗೆ ಒಂದು ಕೆಲಸ ಕೊಡಿ: ಗೋಡೆ ಎಲ್ಲೆಲ್ಲಿ ಚೂಪಾಗಿ ತಿರುಗುತ್ತದೆ ಎಂದು ಎಣಿಸಿ ಎಂಟು ಮೂಲೆ ಹುಡುಕಲಿ. ಮಂಜು ಕವಿದಾಗ ಈ ಆಟ ಇನ್ನೂ ಚೆನ್ನ.

ಹೇಮಾವತಿಯನ್ನು ದಡದಿಂದಲೇ ನೋಡಿ. ಹಳ್ಳ, ಅಬ್ಬಿಗಳ ಬಳಿ ನೀರು ಕೆಂಪಗಾಗಿ ಎಲೆ-ಕಡ್ಡಿ ತೇಲಿ ಬಂದರೆ ಮೇಲೆಲ್ಲೋ ಮಳೆಯಾಗಿದೆ, ನೀರು ಏರುತ್ತಿದೆ ಎಂದರ್ಥ. ತಲೆಯ ಮೇಲೆ ಬಿಸಿಲಿದ್ದರೂ ಆಗಲೇ ಮೇಲೆ ಬಂದುಬಿಡಬೇಕು.

ದಿನವಿಡೀ ಮಳೆ ಬಿಡದಿದ್ದರೆ ಜಗುಲಿಯೇ ಜಗತ್ತು. ಸೂರಿನಿಂದ ಬೀಳುವ ನೀರಿಗೆ ಪೇಪರ್ ದೋಣಿ, ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಹಪ್ಪಳ, ಮಧ್ಯಾಹ್ನ ಬಿಸಿ ಕಡುಬು. ನಗರದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪ್ರವಾಸ ಬೇಕಿಲ್ಲ. ಕೆಸುವಿನ ಪತ್ರೊಡೆ ಮಾಡಿದ್ದರೆ ಚಿಕ್ಕವರಿಗೆ ಮೊದಲು ಒಂದು ಚೂರು ಕೊಟ್ಟು ಗಂಟಲು ತುರಿಸುವುದಿಲ್ಲವೆಂದು ತಿಳಿದ ಮೇಲೆ ತಿನ್ನಿಸಿ.

ವಾಪಸ್ ಹೊರಡುವುದು ಭಾನುವಾರವಾದರೆ ಹತ್ತು ಗಂಟೆಯೊಳಗೆ ಹೊರಡಿ, ಸಂಜೆಯ ನೆಲಮಂಗಲ ಮಕ್ಕಳಿಗೂ ನಾಯಿಗೂ ಶಿಕ್ಷೆ. ಗಂಟು ಹಾಕಿಟ್ಟ ಕವರ್ ಬಿಚ್ಚುವುದು ಈಗ. ಮನೆ ಸೇರಿದ ಸಂಜೆಯೇ ಕಾರಿನ ಮ್ಯಾಟುಗಳನ್ನು ಎತ್ತಿ ಕೆಳಗಿನ ಕಾರ್ಪೆಟ್ಟಿಗೆ ಉಳಿದ ಪೇಪರ್ ಹಾಸಿ, ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ನಾಯಿಯ ಮೈಯಲ್ಲಿ ಉಣ್ಣಿ ಹತ್ತಿದೆಯೇ ಎಂದು ಒಂದು ವಾರ ದಿನಾ ಬೆರಳಾಡಿಸಿ ನೋಡಿ. ಎರಡು-ಮೂರು ವಾರದೊಳಗೆ ಊಟ ಬಿಟ್ಟು ಮೈ ಬಿಸಿಯಾದರೆ ಮಲೆನಾಡಿಗೆ ಹೋಗಿ ಬಂದದ್ದನ್ನು ಪಶುವೈದ್ಯರಿಗೆ ಮೊದಲೇ ಹೇಳಿ.