ಅಜುಮಿನೊದ ಗಡಿ ಕಾಯುವ ಜೋಡಿ

ಹೊತಾಕಾ ಸ್ಟೇಷನ್ ಹತ್ತಿರ ಬಾಡಿಗೆ ಸೈಕಲ್ ಹತ್ತಿದಾಗ ಬೆಳಗ್ಗೆ ಎಂಟೂವರೆ. ಮೇ ತಿಂಗಳು. ಜಪಾನಿನ ನಾಗಾನೊ ಪ್ರಾಂತ್ಯದ ಅಜುಮಿನೊ ಬಯಲು. ಗದ್ದೆಗಳಿಗೆ ಆಗ ತಾನೇ ನೀರು ಕಟ್ಟಿದ್ದರು. ಪಶ್ಚಿಮದ ಹಿಮದ ಬೆಟ್ಟಗಳೆಲ್ಲ ಆ ನೀರಲ್ಲಿ ತಲೆಕೆಳಗಾಗಿ ನಿಂತಿದ್ದವು.

ಮೂರು ದಾರಿ ಕೂಡುವಲ್ಲಿ ಮೊದಲ ಕಲ್ಲು ಸಿಕ್ಕಿತು. ಗಂಡು ಹೆಣ್ಣು ಕೈ ಹಿಡಿದು ನಿಂತ ಕೆತ್ತನೆ. ಇದು ದೋಸೊಜಿನ್. ಊರಿನ ಅಂಚಲ್ಲಿ ನಿಂತು ರೋಗ, ಪೀಡೆ ಒಳಗೆ ಬರದಂತೆ ತಡೆಯುವ ದೇವರು. ಊರು ಇಲ್ಲಿಗೆ ಮುಗಿಯಿತು ಅಂತ ಹೇಳಲು ಬೇಲಿ ಬೇಕಿರಲಿಲ್ಲ, ಈ ಜೋಡಿ ಸಾಕಿತ್ತು. ಕೆಲವು ಕಲ್ಲುಗಳ ಮೇಲೆ 'ಒಬಿಶಿರೊ' ಅಂತ ಹಣದ ಮೊತ್ತ ಕೆತ್ತಿದೆ. ಹಿಂದೆ ಒಳ್ಳೇದು ಮಾಡುವ ಜೋಡಿಯನ್ನು ಪಕ್ಕದೂರಿನವರು ಕದ್ದೊಯ್ಯುತ್ತಿದ್ದರಂತೆ. ಅದನ್ನು ಜನ ದೇವರ ಮದುವೆ ಅಂತ ಕರೆದರು. ಕೆತ್ತಿದ್ದು ವಧುವಿಗೆ ಕೊಡಬೇಕಾದ ತೆರ! ನನಗೆ ಇದು ತುಂಬಾ ಇಷ್ಟವಾಯಿತು.

ಹಳೆಯ ಜಪಾನಿ ಹಳ್ಳಿಯನ್ನು ಜಾನಪದ ವಿದ್ವಾಂಸರು ಮೂರು ಸುತ್ತಾಗಿ ವಿವರಿಸುತ್ತಾರೆ. ನಡುವೆ ಮನೆಗಳ ಗುಂಪು, ಮುರಾ. ಸುತ್ತ ಗದ್ದೆ ಹೊಲ, ನೊರಾ. ಅದರಾಚೆ ಯಾಮಾ. ಯಾಮಾ ಅಂದರೆ ಬೆಟ್ಟ, ಆದರೆ ಹಳ್ಳಿಯವರಿಗೆ ಅದು ಸೌದೆ, ಹುಲ್ಲು, ಗದ್ದೆಗೆ ಹಾಕುವ ಸೊಪ್ಪು ಕೊಡುವ ಕಾಡೂ ಹೌದು. ಎಷ್ಟೋ ಕಡೆ ಅದು ಊರಿನವರಿಗೆಲ್ಲ ಸೇರಿದ್ದು. ಅದಕ್ಕೆ ಇರಿಯಾಯಿ ಅನ್ನುತ್ತಾರೆ. ಯಾವಾಗ ಹೋಗಬೇಕು, ಎಷ್ಟು ಕೊಯ್ಯಬೇಕು ಅನ್ನುವುದನ್ನು ಊರೇ ಕೂತು ತೀರ್ಮಾನಿಸುತ್ತಿತ್ತು. ವಸಂತದಲ್ಲಿ ಬೆಟ್ಟದ ದೇವರು ಕೆಳಗಿಳಿದು ಗದ್ದೆಯ ದೇವರಾಗುತ್ತಾನೆ, ಕೊಯ್ಲು ಮುಗಿದ ಮೇಲೆ ವಾಪಸ್ ಹೋಗುತ್ತಾನೆ. ಅಂದರೆ ಬೆಟ್ಟ ದೂರದ್ದಲ್ಲ, ಅಲ್ವಾ?

2,857 ಮೀಟರ್ ಎತ್ತರದ ಜೋನೆನ್ ಬೆಟ್ಟ ಇಲ್ಲಿ ಪಂಚಾಂಗವೂ ಆಗಿತ್ತು. ಹಿಮ ಕರಗಿದ ಕಡೆ ಕಪ್ಪು ಬಂಡೆ ಕಂಡು, ಹೂಜಿ ಹಿಡಿದ ಸನ್ಯಾಸಿಯ ಆಕಾರ ಮೂಡುತ್ತದೆ. ಅದು ಕಂಡರೆ ಬೇಸಾಯ ಶುರು. ನಾನೂ ಕಣ್ಣು ಕಿರಿದು ಮಾಡಿ ಹುಡುಕಿದೆ. ಹೂಜಿ ಮೊದಲು ಕಂಡಿತು, ಸನ್ಯಾಸಿ ಆಮೇಲೆ.

ಮಧ್ಯಾಹ್ನ ಜಿಕ್ಕಾಸೆಗಿ ಕಾಲುವೆ ದಂಡೆ ಹಿಡಿದೆ. ಬೆಟ್ಟದಿಂದ ಇಳಿದ ನೀರು ಇಲ್ಲಿನ ಜಲ್ಲಿ ನೆಲದಲ್ಲಿ ಇಂಗಿಹೋಗುತ್ತದೆ, ಹಾಗಾಗಿ ಮೊದಲು ಗದ್ದೆ ಮಾಡುವುದೇ ಕಷ್ಟವಿತ್ತು. 1816ರಲ್ಲಿ ಸುಮಾರು 15 ಕಿಲೋಮೀಟರ್ ಉದ್ದದ ಈ ಕಾಲುವೆ ತೋಡಿದರು. ಹತ್ತು ಹಳ್ಳಿಗಳಿಗೆ ನೀರು, ಹೆಸರಲ್ಲೂ ಹತ್ತು. ಇಳಿಜಾರು ಎಷ್ಟು ಕಡಿಮೆ ಅಂದರೆ, ಒಂದು ಕಡೆ ನೀರು ಜೋನೆನ್ ಬೆಟ್ಟ ಹತ್ತುತ್ತಿದೆಯೇನೋ ಅನ್ನಿಸುತ್ತದೆ. ಸೈಕಲ್ ಒರಗಿಸಿ ಅಲ್ಲೇ ತುಂಬಾ ಹೊತ್ತು ಕೂತಿದ್ದೆ.